ಬೆಳಗ್ಗೆ ಒಂಬತ್ತರ ರುಜು

ಲಾಟೀನು ಸ್ವಲ್ಪ ಸಣ್ಣ ಮಾಡ್ರಪ್ಪ... ಹೇಳ್ತೀನಿ. ಇದು ನಮ್ಮ ಚಿಕ್ಕಮ್ಮನ ಮಗ ಆಂಜನಪ್ಪಂಗೆ ಆಗಿದ್ದು. ಎಪ್ಪತ್ತೆಂಟನೇ ಇಸವೀಲಿ.

ಅವತ್ತು ರಾತ್ರಿ ಎಂಟರ ಮೇಲಾಗಿತ್ತು. ಕಂದಿಕೆರೆ ದಾಟಿ, ಗುಡ್ಡದ ದಾರೀಲಿ ಸೈಕಲ್ ತಳ್ಕೊಂಡು ಹೋಗ್ತಿದ್ದ. ಅವನು ಗಣಿ ಆಫೀಸಿನ ಜವಾನ. ಆಫೀಸು ಚಿಕ್ಕನಾಯಕನಹಳ್ಳೀಲಿ, ಗಣಿ ಗುಡ್ಡದ ಮೇಲೆ. ಅಲ್ಲಿಗೆ ಫೋನಿಲ್ಲ. ಕೆಲಸದೋರಿಗೆ ಏನೇ ಹೇಳಬೇಕಾದ್ರೂ ಚೀಟಿ ಬರೆದು ಇವನ ಕೈಲಿ ಕಳಿಸೋರು. ಮೇಸ್ತ್ರಿ ಗಿಡ್ಡಯ್ಯ ಅದನ್ನ ಇಸ್ಕೊಂಡು, ಟಪಾಲು ಪುಸ್ತಕದಲ್ಲಿ ಗಂಟೆ ಬರೆದು ರುಜು ಹಾಕೋನು.

ಅವತ್ತಿನ ಚೀಟಿ ಬೆಳಗ್ಗೆ ಎಂಟಕ್ಕೇ ಕೊಟ್ಟಿದ್ರು. ಅಂಟಿಸಿದ ಲಕೋಟೆ. ಇವನು ದಾರೀಲಿ ಮಾವನ ತೋಟದಲ್ಲಿ ಇಳಿದ. ಕಾಯಿ ಸುಲಿಯೋರು ಬಂದಿರಲಿಲ್ಲ, ತಾನೇ ನಿಂತ. ಉಂಡ... ಒಂದು ಗಳಿಗೆ ಅಂತ ಮಲಗಿದ... ಎದ್ದಾಗ ಹೊತ್ತು ಮುಳುಗಿತ್ತು.

ಗುಡ್ಡದ ಬುಡದಲ್ಲಿ ಆಲದ ಮರ, ಅದರಡಿ ಹಾಳುಬಾವಿ. ಅಲ್ಲಿಗೆ ಬಂದಾಗ ಬಾವಿಯೊಳಗೆ ಏನೋ ಬಿತ್ತು. ಗುಳುಕ್... ಹಿಂದೇನೇ ಜಲ್ಲಿ ಉದುರಿದ ಸದ್ದು. ಜರ್... ಜರ್...

ಕಟ್ಟೆ ಮೇಲೆ ಯಾರೋ ಕೂತಿದ್ರು. ಮುಖ ಕಾಣಲಿಲ್ಲ. ದನಿ ಗಿಡ್ಡಯ್ಯಂದು.

"ಚೀಟಿ ತಂದ್ಯೇನ್ಲಾ?"

"ತಡ ಆಗೋಯ್ತು ಕಣಣ್ಣ..."

ಅವನು ಬೈಲಿಲ್ಲ. ಲಕೋಟೆ ಇಸ್ಕೊಂಡ. ಪುಸ್ತಕ ಇಸ್ಕೊಂಡ.

"ಎಷ್ಟು ಗಂಟೆ ಅಂತ ಬರೀಲಿ?"

"ಬೆಳಗ್ಗೆ ಒಂಬತ್ತು ಅಂತ ಬರಿಯಣ್ಣ. ಇಲ್ದಿದ್ರೆ ನನ್ನ ಕೆಲಸ ಹೋಯ್ತದೆ."

"ಆಯ್ತು ಬುಡು."

ಪೆನ್ಸಿಲ್ ಗೀಚೋ ಸದ್ದು... ಪರ್... ಪರ್... ಬಲು ನಿಧಾನಕ್ಕೆ. ಆಂಜನಪ್ಪ ಪುಸ್ತಕ ಕಿತ್ಕೊಂಡವನೇ ಸೈಕಲ್ ಹತ್ತಿದ.

ಬೆಳಗ್ಗೆ ಆಫೀಸಿಗೆ ಹೋದ್ರೆ, ಗಿಡ್ಡಯ್ಯನ ಹೆಂಡ್ತಿ ಸಿದ್ದಮ್ಮ ಮೆಟ್ಲ ಮೇಲೆ ಬಿದ್ದು ಹೊರಳಾಡ್ತಾ ಅವಳೆ. ಹಿಂದಿನ ದಿನ ಮಧ್ಯಾಹ್ನ ಹನ್ನೆರಡಕ್ಕೆ ಬಂಡೆ ಜಾರಿ ಗಿಡ್ಡಯ್ಯ ಸತ್ತಿದ್ದ. ಸಂಜೆಗೆ ಹೆಣ ಊರಿಗೆ ಬಂದಿತ್ತು.

ಗುಮಾಸ್ತ ಬೆಟ್ಟಸ್ವಾಮಿ ಪುಸ್ತಕ ಬಿಚ್ಚಿ ನೋಡಿದ್ರು. "ಬಂಡೆ ಬಿರುಕು ಬಿಟ್ಟಿದೆ, ಗುಂಡಿಗೆ ಯಾರೂ ಇಳೀಬೇಡಿ ಅಂತ ನಾನೇ ಬರ್ದಿದ್ದೆ ಕಣಮ್ಮ. ಒಂಬತ್ತಕ್ಕೇ ರುಜು ಹಾಕವ್ನೆ. ಓದ್ಕೊಂಡೂ ಇಳ್ದವ್ನೆ."

ಆಂಜನಪ್ಪ ಗುಮಾಸ್ತರ ಮುಂದಕ್ಕೆ ಬಂದ. "ಇಲ್ಲ ಸ್ವಾಮಿ... ನಾನು ಕೊಟ್ಟಿದ್ದು ರಾತ್ರಿ."

"ರಾತ್ರಿ ಯಾರಿಗೋ ಕೊಟ್ಟೆ? ಹೆಣಕ್ಕಾ?"

ಯಾರೂ ನಂಬಲಿಲ್ಲ. ತಪ್ಪೆಲ್ಲ ಗಿಡ್ಡಯ್ಯಂದೇ ಅಂತ ಬರ್ಕೊಂಡ್ರು. ಸಿದ್ದಮ್ಮ ಅಳು ನಿಲ್ಲಿಸಿ ಇವನ ಮುಖಾನೇ ನೋಡ್ತಾ ಕೂತ್ಲು. ಅವತ್ತೇ ಆಂಜನಪ್ಪ ಕೆಲಸ ಬಿಟ್ಟ.

ಸುಳ್ಳಲ್ಲ ಕಣ್ರಪ್ಪ, ಆ ಪುಸ್ತಕ ನಾನೇ ಕಣ್ಣಾರೆ ನೋಡಿದೀನಿ. ಗಿಡ್ಡಯ್ಯನ ಹಳೇ ರುಜುಗಳೆಲ್ಲ ಮುತ್ತಿನಂಗೆ ದುಂಡಗವೆ. ಕೊನೇದೊಂದು ಮಾತ್ರ ಸೊಟ್ಟ... ಎಡಗೈಲಿ ಹಾಕಿದಂಗೆ.

ಹೆಣ ತೊಳೆದೋರನ್ನ ಬೇಕಾದ್ರೆ ಕೇಳಿ. ಅವನ ಬಲಗೈ ಬಂಡೆ ಅಡೀಲೇ ಉಳ್ಕೊಂಡಿತ್ತು.