ಹರವಿ ಎತ್ತಿಟ್ಟ ಊರು

ಒಂದೂರಿತ್ತು, ಆ ಊರಿಗೊಬ್ಬ ಸಾಹುಕಾರನಿದ್ದ. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪ್ರವಚನದಲ್ಲಿ ಸಾಹುಕಾರ ಬಂದ ಕೂಡಲೇ ನಿಮಗೆಲ್ಲ ಖುಷಿಯಾಗುತ್ತದೆ. ಇವತ್ತು ಬೈಗುಳ ಅವನಿಗೆ, ನಾವು ಆರಾಮಾಗಿ ಕಾಲು ಚಾಚಿ ಕೂತು ಕೇಳಬಹುದು ಅಂತ. ಇವತ್ತು ಹಾಗಾಗುವುದಿಲ್ಲ, ಕಾಲು ಮಡಚಿಕೊಳ್ಳಿ.

ಆ ಊರಿನ ಗುಡ್ಡದ ಮೇಲೂ ನಿಮ್ಮ ಗುಡ್ಡದ ಮೇಲಿರುವಂಥವೇ ಗಾಳಿ ಫ್ಯಾನುಗಳು. ಅವುಗಳಿಂದ ಕರೆಂಟು ಮಾಡುವ ಕಂಪನಿಯವರು ವರ್ಷಕ್ಕೊಮ್ಮೆ ಊರಿನ ಕೆಲಸಕ್ಕೆಂದು ಹಣ ಕೊಡುತ್ತಿದ್ದರು. ಅದನ್ನು ಯಾವುದಕ್ಕೆ ಬಳಸಬೇಕೆಂದು ತೀರ್ಮಾನಿಸಲು ಊರವರದೊಂದು ಕಮಿಟಿ, ಆ ಕಮಿಟಿಗೆ ಸಾಹುಕಾರನೇ ಅಧ್ಯಕ್ಷ.

ಆ ಊರಲ್ಲಿ ಇನ್ನೊಂದು ಪದ್ಧತಿಯಿತ್ತು. ಶಿವರಾತ್ರಿ ಆದ ಮರುದಿನ ಬಸ್‌ ನಿಲ್ಲುವ ಬೇವಿನ ಮರದ ಕೆಳಗೆ ಅರವಟ್ಟಿಗೆ ಇಡುತ್ತಿದ್ದರು. ಮಣ್ಣಿನ ದೊಡ್ಡ ಹರವಿಗಳಲ್ಲಿ ತಣ್ಣನೆಯ ನೀರು, ಪಕ್ಕದಲ್ಲೊಂದು ತಂಬಿಗೆ. ಮುಂಗಾರು ಬೀಳುವವರೆಗೆ ದಿನಕ್ಕೊಂದು ಮನೆಯ ಪಾಳಿ. ಪಾಳಿಯವರು ನೀರು ತುಂಬಬೇಕು, ಬಿಸಿಲಿಳಿಯುವ ತನಕ ಅಲ್ಲೇ ಇದ್ದು ಬಂದವರಿಗೆ ಕೊಡಬೇಕು. ಮೊದಲ ಪಾಳಿ ಸಾಹುಕಾರನ ಮನೆಯದು. ಅವನ ಹೆಂಡತಿ ತಾನೇ ಕೊಡ ಹೊತ್ತು ಹೋಗುತ್ತಿದ್ದಳು, ಆಳುಗಳನ್ನು ಕಳಿಸುತ್ತಿರಲಿಲ್ಲ.

ಒಂದು ವರ್ಷ ಕಂಪನಿಯ ಹಣದಲ್ಲಿ ಬಸ್‌ ನಿಲ್ಲುವ ಜಾಗದಲ್ಲೇ ಶುದ್ಧ ನೀರಿನ ಘಟಕ ಕಟ್ಟಿಸಿದರು. ಒಳ್ಳೆಯ ಕೆಲಸ. ಆ ಊರಿನ ಬೋರಿನ ನೀರು ಕುಡಿದು ಮಕ್ಕಳ ಹಲ್ಲು ಹಳದಿಯಾಗಿದ್ದವು, ದೊಡ್ಡವರ ಮೊಣಕಾಲು ಹಿಡಿದಿದ್ದವು. ಘಟಕ ಬೇಕೇ ಬೇಕಿತ್ತು. ಮನೆಗೆ ಹೋಗಿ, ಸ್ವಾಮಿಗಳು ಮಷೀನು ಬೇಡ ಅಂದರು ಅಂತ ಹೇಳಿಬಿಟ್ಟೀರಿ.

ಉದ್ಘಾಟನೆಯ ದಿನ ಸಾಹುಕಾರ ಮೈಕು ಹಿಡಿದು ಒಂದು ಮಾತು ಸೇರಿಸಿದ. “ಇನ್ನ ಆ ಹರವಿ, ಆ ಪಾಳಿ ಎಲ್ಲಾ ಯಾಕ ಬೇಕು? ಕಂಪನ್ಯಾವ್ರು ಕೊಟ್ಟಾರ, ನಾವು ಕುಡ್ಯೂಣು.” ಜನ ಚಪ್ಪಾಳೆ ತಟ್ಟಿದರು. ತಟ್ಟದೆ ಇರುತ್ತಾರೆಯೇ? ಬಿಸಿಲಲ್ಲಿ ಕೊಡ ಹೊರುವುದು ತಪ್ಪಿತಲ್ಲ. ಅವನ ಹೆಂಡತಿ ಮಾತ್ರ ಮನೆಯಲ್ಲಿ ಒಂದು ಮಾತು ಅಂದಳು. “ಘಟಕ ಇರ್ಲಿ, ಹರವಿನೂ ಇರ್ಲಿ. ಒಂದಕ್ಕೊಂದು ಏನ್‌ ಅಡ್ಡ ಬರ್ತಾವ?” ಸಾಹುಕಾರ ನಕ್ಕುಬಿಟ್ಟ. ಹರವಿಗಳು ಅವನ ದನದ ಕೊಟ್ಟಿಗೆ ಸೇರಿದವು.

ಮುಂದಿನ ಬೇಸಿಗೆ ಬಂತು. ಸಾಹುಕಾರನ ಹೆಂಡತಿ ಸಕ್ಕರೆ ಕಾಯಿಲೆಯವಳು. ಒಂದು ದಿನ ಮನೆಯ ಕಾರು ಬೇರೆ ಕಡೆ ಹೋಗಿತ್ತು, ಪಟ್ಟಣದ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲೇ ತಿರುಗಿ ಬಂದಳು. ಇಳಿದಾಗ ಸುಡುವ ಮಧ್ಯಾಹ್ನ. ಬಾಯಿ ಒಣಗಿತ್ತು. ಘಟಕದ ಹತ್ತಿರ ಹೋದರೆ ಕರೆಂಟಿಲ್ಲ, ನಲ್ಲಿಯಲ್ಲಿ ಹನಿ ನೀರಿಲ್ಲ. ನೋಡಿ, ಮೇಲೆ ಗುಡ್ಡದಲ್ಲಿ ಫ್ಯಾನು ಗಿರಗಿರ ತಿರುಗುತ್ತಿದೆ, ಕೆಳಗೆ ಕರೆಂಟಿಲ್ಲ. ಇದು ನಿಮಗೆ ಹೊಸದೇ?

ಎದುರಿಗೇ ಒಂದು ಮನೆ. ಹತ್ತು ಹೆಜ್ಜೆ ನಡೆದು ಬಾಗಿಲು ತಟ್ಟಿದ್ದರೆ ಆಗುತ್ತಿತ್ತು. ತಟ್ಟಲಿಲ್ಲ. ಬೇವಿನ ನೆರಳಲ್ಲಿ ಕೂತಳು. ಕೂತಲ್ಲೇ ಉರುಳಿದಳು. ಎದುರು ಮನೆಯಾಕೆ ಬಹಳ ಹೊತ್ತಾದ ಮೇಲೆ ಬಿದ್ದದ್ದನ್ನು ಕಂಡು ಓಡಿ ಬಂದು, ಮುಖಕ್ಕೆ ನೀರು ಚಿಮುಕಿಸಿ, ಜನರನ್ನು ಕೂಗಿದಳು. ಆಸ್ಪತ್ರೆಯಲ್ಲಿ ಡಾಕ್ಟರು, ಇನ್ನೂ ತಡವಾಗಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಅಂದರು. ಸಾಹುಕಾರ ಹೊರಗೆ ಬೆಂಚಿನ ಮೇಲೆ ಕೂತು ಅತ್ತ. ಅಷ್ಟು ದೊಡ್ಡ ಮನುಷ್ಯ, ನಾಲ್ಕು ಜನರ ಎದುರಿಗೇ ಅತ್ತ.

ಅಳು ನಿಂತ ಮೇಲೆ ಸಿಟ್ಟು ಬಂತು. ಸಿಟ್ಟಿಗೆ ಯಾರಾದರೊಬ್ಬರು ಬೇಕಲ್ಲ? ಗುಡ್ಡ ಹತ್ತಿ ಕಂಪನಿಯ ಆಫೀಸಿಗೆ ಹೋದ. “ನಿಮ್ಮ ಮಷೀನ್‌ ನಂಬಿ ನನ್ನ ಹೆಂಡ್ತಿ ಸಾಯ್ತಿದ್ಲು.” ಅಲ್ಲಿದ್ದ ಅಧಿಕಾರಿ ಬೇರೆ ಸೀಮೆಯವನು, ಮೆತ್ತಗೆ ಹೇಳಿದ. “ಯಜಮಾನರೇ, ಘಟಕ ಕೊಟ್ಟವರು ನಾವು, ಒಪ್ಪುತ್ತೇನೆ. ಆದರೆ ಹರವಿ ತೆಗೆಯಿರಿ ಅಂತ ನಾವು ಹೇಳಿರಲಿಲ್ಲ.”

ಅಲ್ಲಿಂದ ಇಳಿದು ಎದುರು ಮನೆಗೆ ಬಂದ. “ಬಾಗಲದಾಗ ಒಬ್ಬಾಕಿ ಕುಂತಿದ್ರ ಕಣ್ಣಿಗೆ ಕಾಣಲಿಲ್ಲೇನವಾ?” ಆಕೆ ತಲೆ ತಗ್ಗಿಸಿ ಅಂದಳು. “ಸೆರಗು ಕಂಡಿತ್ರೀ. ಯಾರೋ ಕುಂತಾರ, ನೀರಿನ ಘಟಕ ಬಾಜೂಕ ಐತೆಲ್ಲಾ ಅಂದ್ಕೊಂಡ್ನಿ. ಪಾಳಿ ಇದ್ದಾಗ ಯಾರು ಕುಂತ್ರೂ ಎದ್ದು ಹೋಗಿ ನೋಡ್ತಿದ್ವಿ. ಈಗ ಆ ರೂಢಿ ಹೋಗೇತ್ರೀ.”

ಹೆಂಡತಿ ಮನೆಗೆ ಬಂದ ಮೇಲೆ ಸಾಹುಕಾರ ಅವಳನ್ನೂ ಕೇಳಿದ. “ಬಾಗಲಾ ಬಡದು ಒಂದ ತಂಬಿಗಿ ನೀರು ಕೇಳಾಕ ನಿನಗೇನಾಗಿತ್ತು?” ಅವಳು ಅಂದಳು. “ನಾಚಿಕಿ ಬಂತು. ಸಾಹುಕಾರ್ತಿ ನೀರು ಬೇಡ್ತಾಳ ಅಂದಾರು ಅಂತ. ಅರವಟ್ಟಿಗಿ ಇದ್ದಾಗ ಯಾರೂ ಯಾರನ್ನೂ ಕೇಳೂದು ಇರಲಿಲ್ಲ. ನಾವ ಕರದು ಕೊಡ್ತಿದ್ವಿ.”

ಕೇಳಿದಿರಾ? ಕರೆದು ಕೊಡುತ್ತಿದ್ದರು. ಕಂಪನಿ ನೀರು ಕೊಡುತ್ತದೆ, ಕರೆಯುವವರನ್ನು ಎಲ್ಲಿಂದ ತಂದು ಕೊಡುತ್ತದೆ?

ಸಾಹುಕಾರ ಅವತ್ತೇ ಕೊಟ್ಟಿಗೆಯಿಂದ ಹರವಿ ಹೊರಗೆ ತಂದು ತೊಳೆದ. ಮರುದಿನ ತಾನೇ ಹೋಗಿ ಮರದ ಕೆಳಗೆ ನಿಂತ. ಊರವರೂ ಬಂದರು, ನೀರು ಕುಡಿದರು, ತಂಬಿಗೆ ಕೆಳಗಿಟ್ಟರು. “ಯಾಕ ತ್ರಾಸ ತಗೋತೀರಿ? ಬರೂ ವರ್ಷ ಕಂಪನ್ಯಾಗ ಹೇಳಿ ಘಟಕಕ್ಕ ಬ್ಯಾಟರಿ ಹಾಕಿಸೂಣು” ಅಂದರು.

ನಕ್ಕಿರಿ. ನಗಿ, ಪರವಾಗಿಲ್ಲ. ಇವತ್ತು ಬೆಳಿಗ್ಗೆ ನಿಮ್ಮ ಕಮಿಟಿಯವರು ಮಠಕ್ಕೆ ಬಂದಿದ್ದರು. ಶಾಲೆಯ ದಾರಿಯಲ್ಲಿ ಜಾಲಿ ಕಂಟಿ ಬೆಳೆದಿದೆಯಂತೆ, ಕಡಿಸಲು ಕಂಪನಿಗೆ ಅರ್ಜಿ ಕೊಡುತ್ತಾರಂತೆ, ಅದಕ್ಕೆ ನನ್ನ ಶಿಫಾರಸು ಬೇಕಂತೆ. ಆ ಮುಳ್ಳು ಯಾರ ಮಕ್ಕಳ ಕಾಲಿಗೆ ಚುಚ್ಚುತ್ತಿದೆ? ಕೊಡಲಿ ಇಲ್ಲದ ಮನೆ ಈ ಊರಲ್ಲಿ ಯಾವುದಿದೆ? ನಾನು ಸಹಿ ಮಾಡಲಿಲ್ಲ. ಈಗ ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ, ಮಾಡುವುದೂ ಇಲ್ಲ.

ಕಂಪನಿಯವರಲ್ಲಿ ಕೇಳಬೇಡಿ ಅಂತ ನಾನು ಹೇಳುತ್ತಿಲ್ಲ. ಕೇಳಿ, ಗಟ್ಟಿಯಾಗಿ ಕೇಳಿ. ಹಳ್ಳಕ್ಕೆ ಸೇತುವೆ ಕೇಳಿ, ಹೆರಿಗೆಗೊಂದು ಕೋಣೆ ಕೇಳಿ. ಗುಡ್ಡ ನಿಮ್ಮದು, ನಾಚಿಕೆಪಡಬೇಡಿ. ಆದರೆ ನಿಮ್ಮ ಕೈಯಿಂದಾಗುವ ಕೆಲಸವನ್ನು ಅರ್ಜಿಯಲ್ಲಿ ಬರೆಯಬೇಡಿ. ನಾಳೆ ಬೆಳಿಗ್ಗೆ ಮನೆಗೊಬ್ಬರು ಕೊಡಲಿ ಹಿಡಿದು ಶಾಲೆಯ ದಾರಿಗೆ ಬನ್ನಿ. ನಾನೂ ಬರುತ್ತೇನೆ, ಕಾವಿ ಮುಳ್ಳಿಗೆ ಸಿಕ್ಕಿ ಹರಿದರೆ ಹರಿಯಲಿ.

ಇನ್ನೊಂದು, ಇದು ತಾಯಂದಿರಿಗೂ ಸೇರಿ. ನಿಮ್ಮ ಬಾಗಿಲ ಮುಂದೆ ಯಾರಾದರೂ ಸುಮ್ಮನೆ ಕೂತಿದ್ದರೆ, ಅವರು ಬಾಯಿಬಿಟ್ಟು ಕೇಳಲಿ ಅಂತ ಕಾಯಬೇಡಿ. ಕೇಳುವ ಧೈರ್ಯ ಇದ್ದವರು ಹೇಗೋ ಬದುಕಿಕೊಳ್ಳುತ್ತಾರೆ. ಕೇಳಲಾಗದವರು ಅಲ್ಲೇ ಉರುಳುತ್ತಾರೆ. ತಂಬಿಗೆ ತುಂಬಿಕೊಂಡು ನೀವೇ ಎದ್ದು ಹೋಗಿ.