ಮಾನಪತ್ರದಲ್ಲಿಲ್ಲದ ಒಂಬತ್ತು ದಿನ

ಈ ಸಭೆಯ ಮಾನ್ಯ ಅಧ್ಯಕ್ಷರೇ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಿಂದ ದಾರಿಯ ಧೂಳು ಕುಡಿದು ಬಂದಿರುವ ಅತಿಥಿಗಳೇ, ನನ್ನ ಜೊತೆಗೆ ಇಷ್ಟು ವರ್ಷ ಸುಣ್ಣದ ಕಡ್ಡಿ ಸವೆಸಿದ ಗುರುಬಂಧುಗಳೇ, ಇಂದಾದರೂ ಬೇಗ ಬಿಡುತ್ತಾರೆಂದು ನಂಬಿ ಕುಳಿತಿರುವ ವಿದ್ಯಾರ್ಥಿಗಳೇ, ಹಾಗೂ ಹಾನಗಲ್ಲಿನ ಸಮಸ್ತ ಸಭಿಕರೇ,

ಮೂವತ್ತೆರಡು ವರ್ಷ ಈ ಹಾಲಿನಲ್ಲಿ ಬೇರೆಯವರ ಸತ್ಕಾರಕ್ಕೆ ಕುರ್ಚಿ ಹಾಕಿಸಿದವನು ನಾನು. ಇಂದು ಆ ಕುರ್ಚಿಯಲ್ಲಿ ನನ್ನನ್ನೇ ಕೂಡಿಸಿದ್ದೀರಿ. ಸೇವಂತಿಗೆಯ ಹಾರ ಕುತ್ತಿಗೆಗೆ ತುರಿಸುತ್ತದೆ ಎಂಬುದು ನನಗೆ ಇಂದೇ ತಿಳಿದದ್ದು. ಹಾರ ಹಾಕಿಸಿಕೊಂಡ ದೊಡ್ಡವರೆಲ್ಲ ಯಾಕೆ ಅಷ್ಟು ಬೇಗ ಅದನ್ನು ತೆಗೆದು ಮೇಜಿನ ಮೇಲೆ ಇಡುತ್ತಿದ್ದರು, ಅದೂ ಇಂದೇ ತಿಳಿಯಿತು. ನಾವು ಅದನ್ನು ವಿನಯವೆಂದು ತಿಳಿದಿದ್ದೆವು.

ಈಗ ತಾನೇ ಕಾರ್ಯದರ್ಶಿಗಳು ಮಾನಪತ್ರವನ್ನು ಓದಿದರು. ಬಹಳ ಚೆನ್ನಾಗಿ ಓದಿದರು. ಅವರು ನನ್ನ ವಿದ್ಯಾರ್ಥಿ. ಐದನೆಯ ಇಯತ್ತೆಯಲ್ಲಿ ಒತ್ತಕ್ಷರ ನುಂಗುತ್ತಿದ್ದರು, ಇಂದು ಒಂದನ್ನೂ ನುಂಗಲಿಲ್ಲ. ಅದರಲ್ಲಿ ಒಂದು ಸಾಲು ಬಂತು. 'ಮನೋವ್ಯಾಧಿಗೆ ತುತ್ತಾದ ತಮ್ಮನನ್ನು ಹದಿಮೂರು ವರ್ಷಗಳ ಕಾಲ ಒಂದು ದಿನವೂ ಅಗಲದೆ ಕಾಪಾಡಿದ ಆದರ್ಶ ಅಗ್ರಜರು' ಎಂದು. ಆಗ ನೀವು ಚಪ್ಪಾಳೆ ತಟ್ಟಿದಿರಿ. ಮಹಾಜನರೇ, ಆ ಸಾಲು ನಿಜವಲ್ಲ. ಬರೆದವರದು ತಪ್ಪಿಲ್ಲ, ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅಲ್ಲಿ ಮೂರನೆಯ ಸಾಲಿನಲ್ಲಿ, ಕಿಟಕಿಯ ಪಕ್ಕದಲ್ಲಿ, ಕರಿಯ ಟೊಪ್ಪಿಗೆ ಹಾಕಿಕೊಂಡು ನನ್ನ ತಮ್ಮ ರಾಘಣ್ಣ ಕುಳಿತಿದ್ದಾನೆ. ಅವನ ಎದುರಿಗೆ ಆ ಸಾಲನ್ನು ತಿದ್ದದೆ, ಇಂದು ಸಂಜೆ ಅವನ ಜೊತೆ ಮನೆಗೆ ಹೋಗುವ ಧೈರ್ಯ ನನಗಿಲ್ಲ.

ತಿದ್ದುವುದು ನನ್ನ ಉದ್ಯೋಗವೇ ಆಗಿತ್ತಲ್ಲ. ನಾಳೆಯಿಂದ ಅದೂ ಇಲ್ಲ. ಆದ್ದರಿಂದ ಇದೊಂದು ಕೊನೆಯ ತಿದ್ದುಪಡಿಗೆ ಸಭೆ ಅನುಮತಿ ಕೊಡಬೇಕು.

ಸಾವಿರದ ಒಂಬೈನೂರ ಐವತ್ತಮೂರರಲ್ಲಿ ರಾಘಣ್ಣ ಹಿರೇಕೆರೂರಿನಲ್ಲಿ ಗಣಿತ ಕಲಿಸುತ್ತಿದ್ದ. ಮೂವತ್ತು ವರ್ಷದ ಹುಡುಗ. ಹೌದು, ನನಗಿಂತ ಹನ್ನೆರಡು ವರ್ಷ ಚಿಕ್ಕವನು, ನನಗೆ ಇಂದಿಗೂ ಹುಡುಗನೇ. ಒಂದು ದಿನ ಕರಿಹಲಗೆಯ ಮೇಲೆ ತ್ರಿಕೋನ ಬರೆದವನು, ಅದರ ಮೂರು ಮೂಲೆಗಳೂ ತನ್ನನ್ನೇ ನೋಡುತ್ತಿವೆಯೆಂದು ಹೇಳಿ, ಒರೆಸಲೂ ಆಗದೆ, ಬೆನ್ನು ತಿರುಗಿಸಲೂ ಆಗದೆ ನಿಂತುಬಿಟ್ಟ. ಗಂಟೆಯಾಯಿತು, ಮಕ್ಕಳು ಮನೆಗೆ ಹೋದರು, ಇವನು ನಿಂತೇ ಇದ್ದ. ನಾನು ಹೋಗಿ ಕರೆದುಕೊಂಡು ಬಂದೆ. ನನ್ನ ಹೆಂಡತಿ ಇಂದಿರಾಬಾಯಿ ತೀರಿಕೊಂಡು ಆಗ ಎರಡು ವರ್ಷ. ಮಕ್ಕಳಿರಲಿಲ್ಲ. ಮನೆಯಲ್ಲಿ ನಾವಿಬ್ಬರೇ ಆದೆವು.

ಧಾರವಾಡದ ಡಾಕ್ಟರರು ಒಳ್ಳೆಯವರು. ಔಷಧ ಕೊಟ್ಟರು, ಧೈರ್ಯ ಕೊಟ್ಟರು, ಮನೆಯಲ್ಲಿಟ್ಟುಕೊಂಡೇ ನೋಡಿಕೊಳ್ಳಬಹುದು ಎಂದರು. ನೋಡಿಕೊಂಡೆ. ಆದರೆ ನೋಡಿಕೊಳ್ಳುವುದು ಎಂದರೇನು? ಅವನಿಗೆ ನಿದ್ದೆ ಇಲ್ಲ, ಅದಕ್ಕೆ ನನಗೂ ಇಲ್ಲ. ನಾನು ಕಣ್ಣು ಮುಚ್ಚಿದರೆ ಅವನು ಆನೆಕೆರೆಯ ಕಡೆಗೆ ನಡೆಯುತ್ತಿದ್ದ. ಅವನ ಬಲಗೈಯನ್ನು ನನ್ನ ಎಡಗೈಗೆ ನನ್ನ ಶಲ್ಯದಿಂದ ಕಟ್ಟಿಕೊಂಡು ಓಡಾಡುತ್ತಿದ್ದೆ. ನೀವೆಲ್ಲ ನೋಡಿದ್ದೀರಿ. ಕೆಲವರು ನಕ್ಕಿದ್ದೀರಿ. ಇರಲಿ, ಇಂದು ಹಾರ ಹಾಕಿದ್ದೀರಿ, ಲೆಕ್ಕ ಚುಕ್ತಾ ಆಯಿತು.

ಹಾಗೆ ಕಟ್ಟಿಕೊಂಡೇ ಒಂದು ಸಂತೆಯ ದಿನ ವೀಳ್ಯದೆಲೆಯ ಬುಟ್ಟಿಯ ಮುಂದೆ ನಿಂತಿದ್ದೆ. ಎಲೆ ಆರಿಸುತ್ತ ಆರಿಸುತ್ತ ನಿಂತಲ್ಲೇ ನಿದ್ದೆ ಹೋಗಿದ್ದೆನಂತೆ. ಸವಣೂರಿನ ಎಲೆತೋಟದ ಕರಿಬಸಪ್ಪ ನನ್ನ ಮೊಣಕೈ ಹಿಡಿದು ನಿಲ್ಲಿಸಿದ.

"ಮಾಸ್ತರ್ರ, ಎಷ್ಟ್ ದಿನ ಆತ್ರಿ ಮಲಗಿ?"

"ಬ್ಯಾನಿ ನನಗಲ್ಲಪಾ, ಇವಗ."

"ಇವರಿಗೆ ಡಾಕ್ಟರ್ರು ಔಷಧ ಕೊಟ್ಟಾರ. ನಿಮಗ ಯಾರ್ ಕೊಟ್ಟಾರ್ರಿ? ರವಿವಾರ ನಮ್ಮ ತ್ವಾಟಕ್ಕ ಇಬ್ಬರೂ ಬರ್ರಿ. ಇವರು ಎಲಿ ಹೊಂದಸ್ಲಿ, ನೀವು ಮಲಗ್ರಿ."

ಕರಿಬಸಪ್ಪ ಇಂದು ಈ ಹಾಲಿನ ಹಿಂದಿನ ಬಾಗಿಲ ಹತ್ತಿರ ಕುಳಿತಿದ್ದಾನೆ. ಮುಂದೆ ಬಾ ಎಂದರೆ ಬರುವುದಿಲ್ಲ, ನನಗೆ ಗೊತ್ತು. ಅವನ ಅಣ್ಣನಿಗೂ ಇದೇ ಬೇನೆ ಇತ್ತು. ಮನೆಯವರು ಕಂಬಕ್ಕೆ ಕಟ್ಟಿಹಾಕಿದ್ದರು, ಕಟ್ಟಿದಲ್ಲೇ ಆತ ತೀರಿಕೊಂಡ. ಇದನ್ನು ಕರಿಬಸಪ್ಪ ನನಗೆ ಒಂದೇ ಸಲ ಹೇಳಿದ್ದಾನೆ, ಕಾಲುವೆಯ ನೀರು ತಿರುವುತ್ತ, ನನ್ನ ಮುಖ ನೋಡದೆ.

ಮುಂದಿನ ರವಿವಾರ ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ಸವಣೂರಿಗೆ ಹೋದೆವು. ಸಭಿಕರೇ, ನಿಮ್ಮಲ್ಲಿ ಎಷ್ಟು ಜನ ಎಲೆತೋಟದ ಒಳಗೆ ಹೋಗಿದ್ದೀರಿ? ದಿನಕ್ಕೆ ಹತ್ತು ಸಲ ಎಲೆ ಹಾಕುವವರು ಕೂಡ ಹೋಗಿರಲಿಕ್ಕಿಲ್ಲ. ಸ್ನಾನ ಮಾಡಿರಬೇಕು. ಚಪ್ಪಲಿ ಬೇಲಿಯ ಹೊರಗೆ ಬಿಡಬೇಕು. ಒಳಗೆ ಕಾಲಿಟ್ಟರೆ ಬಿಸಿಲು ಹಸಿರಾಗುತ್ತದೆ. ಆಸರೆಗೆ ನೆಟ್ಟ ಚೊಗಚಿ ಗಿಡಗಳಿಗೆ ಹಬ್ಬಿದ ಬಳ್ಳಿ, ಬಳ್ಳಿಯ ಸಾಲಿನ ನಡುವೆ ಕಾಲುವೆ, ಕಾಲುವೆಯಲ್ಲಿ ಮೆಲ್ಲಗೆ ನೀರು. ಅಂಗಿ ಹಸಿರು, ಅಂಗೈ ಹಸಿರು, ಎದುರಿಗಿನವರ ಮುಖ ಹಸಿರು. ಎಷ್ಟು ಹೊತ್ತಾಯಿತೆಂದು ತಿಳಿಯುವುದಿಲ್ಲ. ಮುಂಜಾನೆಯೋ, ಮಧ್ಯಾಹ್ನವೋ, ಹಿಂದಿನ ರವಿವಾರವೋ ಎಂದು ನಾನು ಎಷ್ಟೋ ಸಲ ಗೊಂದಲಪಟ್ಟಿದ್ದೇನೆ.

ಅಲ್ಲಿ ಒಂದು ನೇಮವಿದೆ. ಕರಿಬಸಪ್ಪನ ಹೆಂಡತಿ ಹಾಲವ್ವ ಮೊದಲ ದಿನವೇ ಹೇಳಿದಳು. "ಇಲ್ಲಿ ಯಾರೂ ದನಿ ಎತ್ತೂದಿಲ್ರಿ. ಬಳ್ಳಿ ಅಂಜತಾವ. ಅಂಜಿದ್ರ ಎಲಿ ಹಳದಿ ಆಗ್ತಾವ." ಅಲ್ಲಿಯವರೆಗೆ ಎಲ್ಲೆಲ್ಲಿಯೂ ರಾಘಣ್ಣನಿಗೊಬ್ಬನಿಗೇ ಜನ 'ಸುಮ್ಮನಿರು' ಎಂದು ಹೇಳುತ್ತಿದ್ದರು. ಇಲ್ಲಿ ಎಲ್ಲರೂ ಸುಮ್ಮನಿರಬೇಕು, ಸಾಹುಕಾರ ಬಂದರೂ, ಸಾಹೇಬ ಬಂದರೂ. ನನ್ನ ತಮ್ಮ ಹಾಲವ್ವನ ಪಕ್ಕ ಕುಳಿತು, ತೊಟ್ಟಿಗೆ ತೊಟ್ಟು ಹೊಂದಿಸಿ, ನೂರು ಎಲೆಯ ಕಟ್ಟು ಕಟ್ಟಿದ. ಮತ್ತೊಂದು ಕಟ್ಟಿದ. ನಾನು ತೋಟದ ಅಂಚಿನ ಗುಡಿಸಲಲ್ಲಿ ಚಾಪೆಯ ಮೇಲೆ ಬಿದ್ದೆ. ಎದ್ದಾಗ ಸಂಜೆ ಬಸ್ಸಿನ ಹೊತ್ತು.

ಸುದ್ದಿ ತಾನಾಗಿ ಹರಡಿತು. ಹಿರೇಕೆರೂರಿನಿಂದ ಮುದಕವ್ವ ತನ್ನ ಮಗಳನ್ನು ಕರೆತಂದಳು. ಶಿಗ್ಗಾಂವಿಯಿಂದ ದರ್ಜಿ ಜಮಾಲಸಾಬ ಹೆಂಡತಿಯನ್ನು ಕರೆತಂದ. ವರ್ಷ ಎರಡು ಕಳೆಯುವಷ್ಟರಲ್ಲಿ ರವಿವಾರಕ್ಕೆ ಹತ್ತು ಹನ್ನೊಂದು ಮನೆಯವರು. ಬೇನೆಯವರು ಬಳ್ಳಿಯ ನೆರಳಲ್ಲಿ ಎಲೆ ಹೊಂದಿಸುವರು, ಅವರನ್ನು ನೋಡಿಕೊಳ್ಳುವವರು ಗುಡಿಸಲಲ್ಲಿ ಸಾಲಾಗಿ ಮಲಗುವರು. ನಾವು ಒಬ್ಬರನ್ನೊಬ್ಬರು ಹೆಚ್ಚು ಮಾತಾಡಿಸಲಿಲ್ಲ. ಒಬ್ಬರ ಗೊರಕೆ ಒಬ್ಬರಿಗೆ ಪರಿಚಯವಾಯಿತು. ಜಮಾಲಸಾಬ ನಿದ್ದೆಯಲ್ಲಿ ಅಳತೆ ಹೇಳುತ್ತಿದ್ದ. ನಾನು ನನ್ನ ಬುತ್ತಿ, ನನ್ನ ತಂಬಿಗೆ, ನನ್ನ ಮಡಿ ಎಲ್ಲವನ್ನೂ ಹೊತ್ತುಕೊಂಡು ಹೋಗಿ, ಎಲ್ಲರಿಗೂ ಬೆನ್ನು ಮಾಡಿ ಉಣ್ಣುತ್ತಿದ್ದೆ. ಹಾಲವ್ವ ಒಂದು ದಿನವೂ ಏನೂ ಅನ್ನಲಿಲ್ಲ. ಅದನ್ನು ನೆನೆದರೆ ಈಗ ನನಗೆ ನಾಚಿಕೆಯಾಗುತ್ತದೆ.

ಈಗ ಮಾನಪತ್ರದ ಆ ಸಾಲಿಗೆ ಬರುತ್ತೇನೆ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಅವರ ಕ್ಷಮೆ ಕೋರುತ್ತೇನೆ.

ಐವತ್ತಾರನೆಯ ಇಸವಿ, ದೀಪಾವಳಿ ಸೂಟಿ. ಇನ್ನು ನಾಲ್ಕು ದಿನಕ್ಕೆ ಕನ್ನಡ ನಾಡು ಒಂದಾಗುವುದಿತ್ತು. ಆ ರವಿವಾರ ರಾಘಣ್ಣ ಎಲೆಗೆ ಕುಳಿತ, ನಾನು ಗುಡಿಸಲಿಗೆ ಹೋದೆ. ಮಲಗಲಿಲ್ಲ. ಚೀಲ ತೆಗೆದುಕೊಂಡು, ಬೇಲಿ ದಾಟಿ, ಚಪ್ಪಲಿ ಮೆಟ್ಟಿಕೊಂಡು, ರಸ್ತೆಗೆ ಬಂದೆ. ಹುಬ್ಬಳ್ಳಿಯ ಬಸ್ಸು ನಿಂತಿತ್ತು. ಹತ್ತಿದೆ. ಹುಬ್ಬಳ್ಳಿಯಲ್ಲಿ ಬೀದಿಬೀದಿಗೆ ತೋರಣ ಕಟ್ಟುತ್ತಿದ್ದರು. ನಾಡಿನವರೆಲ್ಲ ಅಣ್ಣತಮ್ಮಂದಿರು ಕೂಡಿದೆವೆಂದು ಹಾಡುತ್ತಿದ್ದರು. ನಾನು ರೈಲು ಹತ್ತಿದೆ. ಗದಗ, ಬಾಗಲಕೋಟೆ, ವಿಜಾಪುರ, ಸೊಲ್ಲಾಪುರ. ಕಿಟಕಿಯಾಚೆ ಕರಿಯ ಹೊಲ, ಕರಿಯ ಹೊಲದ ಮೇಲೆ ಬಿಳಿಯ ಕೊಕ್ಕರೆ, ಮತ್ತೆ ಹೊಲ. ಪಂಢರಪುರದಲ್ಲಿ ಇಳಿದೆ.

ವಿಠ್ಠಲನ ದರ್ಶನಕ್ಕೆ ಹೋಗಿದ್ದೆ ಎಂದು ಹೇಳಿದರೆ ನೀವು ಒಪ್ಪುವಿರಿ. ಆದರೆ ನಾನು ಗುಡಿಗೆ ಹೋಗಲಿಲ್ಲ. ಧರ್ಮಶಾಲೆಯ ಮೂಲೆಯಲ್ಲಿ ಮಲಗಿದೆ. ಎದ್ದೆ, ಒಂದಿಷ್ಟು ತಿಂದೆ, ಮತ್ತೆ ಮಲಗಿದೆ. ಎಷ್ಟು ಸಿಹಿಯಾದ ನಿದ್ದೆ ಅದು! ತಿರುಗಿ ಬರುವ ವಿಚಾರವಿತ್ತೇ ಎಂದು ಕೇಳುವಿರಿ. ಇರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಇಂದು ಹೇಳುತ್ತಿದ್ದೇನೆ. ತಿರುಗಿ ಬರುವ ವಿಚಾರ ನನಗಿರಲಿಲ್ಲ.

ಎಂಟನೆಯ ದಿನ ಮುಂಜಾನೆ ಎಚ್ಚರವಾಗುವ ಮೊದಲೇ ನನ್ನ ಎಡಗೈ ಏನನ್ನೋ ಹುಡುಕುತ್ತಿತ್ತು. ಶಲ್ಯದ ಗಂಟು ಹುಡುಕುತ್ತಿತ್ತು. ಎದ್ದು ಕುಳಿತು ಅತ್ತೆ. ಮೊದಲ ಗಾಡಿಗೆ ಹೊರಟೆ.

ಒಂಬತ್ತನೆಯ ದಿನ ಮಧ್ಯಾಹ್ನ ಸವಣೂರಿನಲ್ಲಿ ಇಳಿದು ತೋಟಕ್ಕೆ ನಡೆದೆ. ದಾರಿಯುದ್ದಕ್ಕೂ ಸುಳ್ಳು ಹೊಂದಿಸಿಕೊಂಡು ಬಂದೆ. ಶಾಲೆಯ ಕೆಲಸ, ಜ್ವರ, ಸಂಬಂಧಿಕರ ಸಾವು. ಗುಡಿಸಲ ಬಾಗಿಲು ಮುಚ್ಚಿತ್ತು. ಹೊಸ್ತಿಲ ಮುಂದೆ ರಾಘಣ್ಣ ತೊಡೆಯ ಮೇಲೆ ಎಲೆ ಹರಡಿಕೊಂಡು ಕುಳಿತಿದ್ದ. ಮೈತುಂಬ ಧೂಳು, ಹೆಗಲಿಗೆ ಚೀಲ, ರಸ್ತೆಯ ಕಡೆಯಿಂದ ಬರುತ್ತಿರುವ ನನ್ನನ್ನು ಕಂಡು ಅವನು ಕೇಳಿದ.

"ನಿದ್ದಿ ಆತೇನು ಗುರಣ್ಣ?"

"ಆತು" ಎಂದೆ.

ನಡೆದದ್ದೇನೆಂದು ಹಾಲವ್ವ ಆಮೇಲೆ ಹೇಳಿದಳು. ನಾನು ಹೋದ ಸಂಜೆ ಅಣ್ಣನೆಲ್ಲಿ ಎಂದು ರಾಘಣ್ಣ ಕೇಳಿದಾಗ, ದಿಕ್ಕು ತೋಚದೆ ಕರಿಬಸಪ್ಪ "ಮಾಸ್ತರ್ರು ಮಲಗ್ಯಾರ, ಭಾಳ ದಿನದ ನಿದ್ದಿ ಐತಿ, ಎಬ್ಬಿಸಬ್ಯಾಡ್ರಿ" ಎಂದಿದ್ದನಂತೆ. ಅಂದಿನಿಂದ ನನ್ನ ತಮ್ಮ ಆ ಬಾಗಿಲು ಬಿಟ್ಟು ಕದಲಲಿಲ್ಲ. ಬಂದವರಿಗೆಲ್ಲ "ಅಣ್ಣ ಮಲಗ್ಯಾನ" ಎಂದು ಪಿಸುಗುಟ್ಟುತ್ತಿದ್ದ. ನಡುವಿನ ರವಿವಾರ ಮುದಕವ್ವ, ಜಮಾಲಸಾಬ ಎಲ್ಲರೂ ಬಂದರು. ಒಳಗೆ ಯಾರೂ ಇಲ್ಲವೆಂದು ಅವರಿಗೆ ಗೊತ್ತಿತ್ತು. ಆದರೂ ಒಬ್ಬರೂ ಬಾಗಿಲು ತಳ್ಳಲಿಲ್ಲ. ಕಾಲುವೆಯ ಬದುವಿನ ಮೇಲೆ ಸಾಲಾಗಿ ಮಲಗಿ ಎದ್ದುಹೋದರು. ಹಾಲವ್ವ ಇಷ್ಟು ಹೇಳಿ ನನ್ನ ಕಾಲಿಗೆ ನೀರು ಕೊಟ್ಟಳು, ರೊಟ್ಟಿ ಪಲ್ಯ ಇಟ್ಟಳು. ಅಂದು ಮೊದಲ ಸಲ ನಾನು ಅವಳ ಮನೆಯ ರೊಟ್ಟಿ ತಿಂದೆ.

ನಾನು ಆಗ ಏನು ತಿಳಿದುಕೊಂಡೆ ಗೊತ್ತೇ? ಪಾಪ, ಇವನಿಗೆ ಭ್ರಮೆ, ರಸ್ತೆಯಿಂದ ಬಂದವನನ್ನು ನಿದ್ದೆಯಿಂದ ಎದ್ದವನೆಂದು ತಿಳಿದಿದ್ದಾನೆ, ಒಳ್ಳೆಯದೇ ಆಯಿತು ಎಂದು. ಹತ್ತು ವರ್ಷ ಹಾಗೆಯೇ ತಿಳಿದಿದ್ದೆ. ಅವನ ಬೇನೆಯ ಮರೆಯಲ್ಲಿ ನನ್ನ ತಪ್ಪನ್ನು ಮುಚ್ಚಿಟ್ಟು ನೆಮ್ಮದಿಯಾಗಿದ್ದೆ.

ಕಳೆದ ತಿಂಗಳು ಈ ಸತ್ಕಾರದ ಸುದ್ದಿ ಹೇಳಲು ತೋಟಕ್ಕೆ ಹೋಗಿದ್ದೆ. ಕರಿಬಸಪ್ಪ ಕೈಯಲ್ಲಿದ್ದ ಎಲೆಯ ಕಟ್ಟು ಕೆಳಗಿಟ್ಟು ಹೇಳಿದ.

"ಒಂದ್ ಮಾತು ಹೇಳದ ಇಟ್ಕೊಂಡೇನ್ರಿ ಮಾಸ್ತರ್ರ. ಎರಡನೇ ದಿನ ಮುಂಜಾನೇನ ರಾಘಣ್ಣಾರು ಬಾಗಿಲಾ ತಗದ್ ನೋಡಿದ್ರು. ನಾ ಕಾಲುವ್ಯಾಗ ನಿಂತಿದ್ನಿ. ಚಾಪಿ ಖಾಲಿ. ಒಂದೀಟ ಹೊತ್ತು ನಿಂತ್ರು. ಒಳಗ ಹೋಗಿ ಹಾಸಿದ ಕೌದಿ ಸಮಾ ಮಾಡಿದ್ರು. ಹೊರಗ ಬಂದು ಬಾಗಿಲಾ ಹಾಕ್ಕೊಂಡು ಮತ್ತ ಕುಂತ್ರು. ನಾ ಸನೇಕ ಹೋದ್ರ, 'ಅಣ್ಣ ಇನ್ನೂ ಎದ್ದಿಲ್ಲ' ಅಂದ್ರು."

ಸಭಿಕರೇ, ಅವನಿಗೆ ಗೊತ್ತಿತ್ತು. ಎಂಟು ದಿನ ಖಾಲಿ ಗುಡಿಸಲನ್ನು ಅವನು ತಿಳಿದೂ ತಿಳಿದೂ ಕಾದ. ನಾನು ಓಡಿಹೋದೆನೆಂದು ನಾಲ್ಕು ಜನ ಅನ್ನಬಾರದೆಂದು ಕಾದ. ತ್ರಿಕೋನದ ಮೂಲೆಗೆ ಅಂಜುವ ನನ್ನ ತಮ್ಮ, ನನ್ನ ಮಾನ ಕಾಯಲು ಅಂಜಲಿಲ್ಲ. ನೀವು ನನಗೆ ಮಾನಪತ್ರ ಕೊಟ್ಟಿದ್ದೀರಿ.

ಈ ತಿಂಗಳಿಡೀ ನಾವಿಬ್ಬರೂ ಎದುರುಬದುರು ಕುಳಿತು ಉಂಡಿದ್ದೇವೆ. ಕೇಳಬೇಕೆಂದು ಬಾಯಿ ತೆರೆದರೆ ಅವನಿಗೆ ಸಾರು ಬೇಕೇ ಎಂದು ಕೇಳಿ ಮುಗಿಸಿದ್ದೇನೆ. ಒಬ್ಬನಿಗೆ ಹೇಳಲಾಗದ್ದನ್ನು ನಾನೂರು ಜನರ ಮುಂದೆ ಹೇಳುತ್ತಿದ್ದೇನೆ. ಮಾಸ್ತರಿಕೆಯವರ ಬಾಳು ಹೀಗೆಯೇ.

ಇನ್ನೊಂದು ವಿಜ್ಞಾಪನೆ. ನಿಮ್ಮ ನಿಮ್ಮ ಊರುಗಳಲ್ಲಿ, ಮುಚ್ಚಿದ ಬಾಗಿಲುಗಳ ಹಿಂದೆ, ಇಂಥ ಬೇನೆಯವರಿದ್ದಾರೆ. ಅವರ ಪಕ್ಕದಲ್ಲಿ ನಿದ್ದೆಗೆಟ್ಟ ತಾಯಿ, ಗಂಡ, ಅಕ್ಕ ಇದ್ದಾರೆ. ಅವರಿಗೆ ಹೇಳಿ, ರವಿವಾರ ಸವಣೂರಿನ ತೋಟದಲ್ಲಿ ಗುಡಿಸಲು ತೆರೆದಿರುತ್ತದೆ ಎಂದು. ಈಗ ಎರಡು ಗುಡಿಸಲುಗಳಿವೆ. ನಾಳೆಯಿಂದ ನನಗೆ ಬೇರೆ ಕೆಲಸವಿಲ್ಲ, ಚಾಪೆ ಹಾಸುವವನು ನಾನೇ. ನಡುವೆ ಓಡಿಹೋಗಬೇಕೆನ್ನಿಸಿದವರೂ ಬರಲಿ. ಅವರನ್ನು ಯಾರೂ ಏನೂ ಕೇಳುವುದಿಲ್ಲ.

ಕಾರ್ಯದರ್ಶಿಗಳಲ್ಲಿ ವಿನಂತಿ, ಮಾನಪತ್ರದ ಆ ಸಾಲನ್ನು ಹೊಡೆದುಹಾಕಬೇಕು. ಕೆಂಪು ಮಸಿಯಿಂದ ಹೊಡೆದರೂ ನಡೆದೀತು.

ರಾಘೂ, ನಾ ಅಲ್ಲಿ ಇರಲಿಲ್ಲೋ. ನಿನ್ನ ಬಿಟ್ಟು ಹೋಗಿದ್ನಿ. ತಿರಗಿ ಬರಬಾರದು ಅಂತ ಹೋಗಿದ್ನಿ. ನಿನಗ ಗೊತ್ತಿತ್ತಂತ. ಹತ್ತು ವರ್ಷ ನನಗ ಒಂದು ಮಾತು ಅನ್ಲಿಲ್ಲಲ್ಲೋ ನೀ.

ಮಹಾಜನರೇ, ಅವನು ಎದ್ದು ನಿಂತಿದ್ದಾನೆ. 'ಸಾಕು, ಕೂತ್ಕೋ' ಎಂದು ನನಗೆ ಕೈ ಮಾಡುತ್ತಿದ್ದಾನೆ. ಮೂವತ್ತೆರಡು ವರ್ಷ ಈ ಹಾಲಿನಲ್ಲಿ ಕೂತ್ಕೋ ಎಂದು ನನಗೆ ಹೇಳಿದವರು ಯಾರೂ ಇರಲಿಲ್ಲ. ಇಂದು ಹೇಳಿಸಿಕೊಂಡೆ, ಕುಳಿತುಕೊಳ್ಳುತ್ತೇನೆ.

ತಾಳ್ಮೆಯಿಂದ ಕೇಳಿದ ಅಧ್ಯಕ್ಷರಿಗೆ, ದೂರದಿಂದ ಬಂದ ಅತಿಥಿಗಳಿಗೆ, ಹಿಂದಿನ ಬಾಗಿಲಲ್ಲಿ ಕುಳಿತ ಕರಿಬಸಪ್ಪನಿಗೆ, ನಿಮ್ಮೆಲ್ಲರಿಗೂ ನನ್ನ ಕೃತಜ್ಞತೆಗಳು. ನಮಸ್ಕಾರ.