ಗುಬ್ಬಿ ಮೂರನೇ ಕ್ಲಾಸಿಗೆ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಟೀಚರುಗಳು ಕೂತಿದ್ದರು. ಹಿರಿಯರದು ಎರಡನೇ ಕ್ಲಾಸು, ಕಿರಿಯರದು ಮೂರನೆಯದು ಎಂಬುದು ಅವರ ಜಗಳದಿಂದಲೇ ಗೊತ್ತಾಯಿತು.

“ಗುಬ್ಬಿ ಇವತ್ತೂ ನಿಮ್ಮ ಕ್ಲಾಸಲ್ಲೇ ಕೂತಿದ್ಲಂತೆ, ಅಕ್ಕಾ.”

“ಅಳ್ತಾ ಬಂದು ಹಳೇ ಬೆಂಚಲ್ಲಿ ಕೂತ್ಲು ಕಣೇ. ಕತ್ತು ಹಿಡಿದು ನೂಕ್ಲಾ?”

“ಹೀಗೇ ಆದ್ರೆ ವಾಪಸ್ ಎರಡಕ್ಕೇ ಹಾಕ್ತೀನಿ ಅಂತಿದಾರೆ ಹೆಡ್‌ಮಾಸ್ಟ್ರು.”

“ಪಾಸಾಗಿರೋ ಮಗೂನಾ? ಅನ್ಯಾಯ!”

“ಅನ್ಯಾಯ ಮಾಡ್ತಿರೋದು ನೀವು. ‘ಬಾ ನನ್ ಬಂಗಾರೀ, ಆ ಮಿಸ್ಸು ಬೈದ್ರಾ?’”

ಹಿರಿಯರ ಮೂಗುದನಿಯನ್ನು ಕಿರಿಯರು ಎಷ್ಟು ಪಕ್ಕಾ ಅನುಕರಿಸಿದರೆಂದರೆ, ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ತಿರುಗಿ ನೋಡಿ ನಕ್ಕ. ಹಿರಿಯರು ಮಾತ್ರ ನಗಲಿಲ್ಲ.

“ನಿನ್ನ ‘ಸೈಲೆನ್ಸ್!’ ಕೇಳಿದೀಯಾ? ಪಕ್ಕದ ರೂಮಲ್ಲಿ ನನ್ನ ಎದೆಯೇ ಧಸಕ್ ಅನ್ನುತ್ತೆ.”

“ನಂಗೂ ಈ ಕ್ಲಾಸು ಹೊಸದು, ಅಕ್ಕಾ. ಭಯಕ್ಕೇ ಕಿರುಚ್ತೀನಿ.”

ಹಿರಿಯರು ಆಕೆಯ ಕಡೆ ತಿರುಗಿ ಕೂತರು.

“ನಾಳೆ ಅವಳ ಕೈ ಹಿಡ್ಕೊಂಡು ನಾನೇ ನಿನ್ನ ಕ್ಲಾಸಿಗೆ ಬರ್ತೀನಿ. ಅವಳ ಪಕ್ಕ ಕೂತ್ಕೋತೀನಿ. ನೀನು ಮಗ್ಗಿ ಕೇಳು, ನಾನು ತಪ್ಪುತಪ್ಪಾಗಿ ಹೇಳ್ತೀನಿ. ಅವಳಿಗೆ ತಡ್ಕೊಳ್ಳೋಕಾಗಲ್ಲ, ಎದ್ದು ಸರಿಯಾಗಿ ಹೇಳ್ತಾಳೆ. ಆಗ ನೀನು ಗದರಬೇಕು.”

“ಅವಳನ್ನಾ?”

“ನನ್ನನ್ನ ಕಣೇ! ‘ಇನ್ನೂ ಮಗ್ಗಿ ಬರಲ್ವಾ? ಹೋಗು ಎರಡಕ್ಕೆ’ ಅಂತ ಕಳಿಸು.”

ಕಿರಿಯರು ನಗಲು ಹೋಗಿ ನಿಲ್ಲಿಸಿದರು.

“ಅವಳೂ ನಿಮ್ಮ ಹಿಂದೇನೇ ಎದ್ದು ಬಂದ್ರೆ?”

ಸ್ಟಾಪ್ ಬಂತು. ಹಿರಿಯರು ಕಂಬಿ ಹಿಡಿದು ಎದ್ದರು.

“ನನ್ನ ಕ್ಲಾಸಿನ ಬಾಗಿಲು ಹಾಕ್ಕೋತೀನಿ. ಎಷ್ಟು ಬಡಿದ್ರೂ ತೆಗೆಯಲ್ಲ. ಆದ್ರೆ ಅವಳು ಬಡೀತಾ ನಿಲ್ಲೋ ಹಾಗೆ ಮಾಡಬೇಡ. ಅವಳನ್ನ ಕರ್ಕೊಂಡು ಹೋಗೋಕೆ ನೀನು ಓಡಿ ಬಾ.”

“ಬರ್ತೀನಿ,” ಎಂದರು ಕಿರಿಯರು, ಅವರ ಹಿಂದೆಯೇ ಮೆಟ್ಟಿಲಿಳಿಯುತ್ತ.